ತಂಗಿಯ ದಾರಿಯಲ್ಲಿ ದೊಡ್ಡಪ್ಪ

ಸೆಪ್ಟೆಂಬರ್ 3, ಗುರುವಾರ

ತಂಗಿ ಮೇಲೆ ಹೋದಳು. ಅಮ್ಮನ ಮುಂದೆ ಹೀಗೆ ಹೇಳುವಂತಿಲ್ಲ, 'ಬಿಡ್ತು ಅನ್ನೋ' ಎಂದು ಗದರುತ್ತಾಳೆ. ಆದರೆ ಬೇರೆ ಹೇಗೆ ಬರೆಯಲಿ? ಬೆಳಿಗ್ಗೆ ಕಚೇರಿಯವರೆಲ್ಲ ದೊಡ್ಡ ಪರದೆಯ ಮುಂದೆ ನಿಂತಿದ್ದೆವು. ರಾಕೆಟ್ಟಿನ ಬುಡದಲ್ಲಿ ಬೆಂಕಿ ಹತ್ತಿಕೊಂಡಿತು, ಅದು ನೆಲ ಬಿಟ್ಟಿತು, ನನ್ನ ಕೈಯಲ್ಲಿದ್ದ ಟೀ ಕುಡಿಯದೆ ಆರಿಹೋಯಿತು. ಚಿಕ್ಕವಳಿದ್ದಾಗ ಮನೆ ಹಿಂದಿನ ನೀರಿನ ಟ್ಯಾಂಕಿನ ಏಣಿ ಹತ್ತಿ ತುದಿಯಲ್ಲಿ ಕೂತು, ಕೆಳಗೆ ನಿಂತು ಕೂಗಾಡುತ್ತಿದ್ದ ನನಗೆ "ಅಣ್ಣ, ನೀನೂ ಬಾ, ಎಲ್ಲಾ ಕಾಣುತ್ತೆ" ಅನ್ನುತ್ತಿದ್ದಳು. ನಾನು ಹತ್ತಲಿಲ್ಲ. ನಮ್ಮ ಮನೆಯ ಪಾಲಿಗೆ ಬಂದ ಧೈರ್ಯವನ್ನೆಲ್ಲ ಅವಳೊಬ್ಬಳೇ ಬಾಚಿಕೊಂಡಿದ್ದಾಳೆ. ಹೊಟ್ಟೆಕಿಚ್ಚೇನಿಲ್ಲ. ಹೆಮ್ಮೆಯಿದೆ, ಎದೆ ಒಡೆಯುವಷ್ಟಿದೆ.

ಆರು ವಾರ ಅವಳು ಮೇಲಿನ ಬಾಹ್ಯಾಕಾಶ ನಿಲ್ದಾಣದಲ್ಲಿದ್ದು, ಅದನ್ನು ತಂಪಾಗಿಡುವ, ಈಗ ಸೋರುತ್ತಿರುವ ಕೊಳವೆಗಳನ್ನು ರಿಪೇರಿ ಮಾಡಬೇಕು. ಕೆಳಗೆ ನನ್ನದೂ ಅದಕ್ಕೆ ಸೇರಿದ ಕೆಲಸವೇ. ಕೆಲಸ ಮುಗಿಸಿದ ರಾಕೆಟ್ಟುಗಳ ಖಾಲಿ ಡಬ್ಬಗಳು, ಒಡೆದ ಚೂರುಗಳು, ಕಳಚಿಬಿದ್ದ ಮುಚ್ಚಳಗಳು ಭೂಮಿಯ ಸುತ್ತ ಬಂದೂಕಿನ ಗುಂಡಿಗಿಂತ ಎಷ್ಟೋ ಪಟ್ಟು ವೇಗದಲ್ಲಿ ಸುತ್ತುತ್ತಲೇ ಇವೆ. ನಮ್ಮ ಕಚೇರಿ ರಾಡಾರಿನಿಂದ ಅವುಗಳ ಮೇಲೆ ಕಣ್ಣಿಟ್ಟಿರುತ್ತದೆ. ಯಾವುದಾದರೂ ನಿಲ್ದಾಣದ ಹತ್ತಿರ ಬರುವಂತಿದ್ದರೆ, ಎಚ್ಚರಿಕೆ ಮೇಜಿನಲ್ಲಿ ಕೂತವರು 'ನಿಲ್ದಾಣ ಸರಿಸಿ' ಅನ್ನಬೇಕು, ಇಲ್ಲವೇ 'ಬೇಡ' ಅನ್ನಬೇಕು. ಆ ಮೇಜು ನನ್ನದು. ಅಲ್ಲಿ ನನ್ನಷ್ಟು ಬೇಗ ತೀರ್ಮಾನ ಹೇಳುವವರು ಇನ್ನೊಬ್ಬರಿಲ್ಲ ಎಂದು ನಾನು ಹೇಳಿಕೊಳ್ಳುವುದಲ್ಲ, ಎಲ್ಲರೂ ಹೇಳುತ್ತಾರೆ.

ಸಂಜೆ ಅಮ್ಮ ಫೋನ್ ಮಾಡಿದಳು. "ಅವಳು ಮೇಲಿದ್ರೂ ನೀನು ಕೆಳಗೆ ಕಾಯ್ತಾ ಇದ್ದೀಯಲ್ಲ, ಅದೇ ನನಗೆ ಧೈರ್ಯ ಕಣೋ."

"ಇದ್ದೀನಮ್ಮ," ಅಂದೆ.

ಸೆಪ್ಟೆಂಬರ್ 4, ಶುಕ್ರವಾರ

ಮೇಜು ಹೋಯಿತು.

ಮುಖ್ಯಸ್ಥರು ಒಳಗೆ ಕರೆದು, ಬಾಗಿಲು ಹಾಕಿ, ನನಗಿಂತ ಹೆಚ್ಚು ಸಂಕಟದಲ್ಲಿ ಇದ್ದವರಂತೆ ಮುಖ ಮಾಡಿಕೊಂಡು ನಿಯಮ ಓದಿದರು. ಮನೆಯವರು ನಿಲ್ದಾಣದಲ್ಲಿರುವಾಗ ಆ ಮೇಜಿನಲ್ಲಿ ಕೂರುವಂತಿಲ್ಲ. ನಿಯಮ ನನಗೆ ಗೊತ್ತಿಲ್ಲದ್ದೇನಲ್ಲ. ಯಾರೂ ನೆನಪು ಮಾಡಿಕೊಳ್ಳುವುದಿಲ್ಲ ಅಂದುಕೊಂಡಿದ್ದೆ, ಅಷ್ಟೆ.

"ಮಧ್ಯಾಹ್ನದೊಳಗೆ ಮೇಜು ಬಿಟ್ಟುಕೊಡಿ. ಅವರು ಬರ್ತಾರೆ," ಅಂದರು.

ಅವರು ಅಂದರೆ ತಡೀರಮ್ಮ. ಹೆಸರು ನಾನೇ ಇಟ್ಟದ್ದು. ಏನು ಕೇಳಿದರೂ ಆ ಹೆಂಗಸಿನ ಬಾಯಲ್ಲಿ ಬರುವ ಮೊದಲ ಮಾತು 'ತಡೀರಿ'. ಕಟ್ಟಡಕ್ಕೆ ಬೆಂಕಿ ಬಿತ್ತು ಅಂದರೂ 'ತಡೀರಿ, ಯಾವ ಮಹಡಿ?' ಎಂದು ಕೇಳುವ ಪೈಕಿ.

ಮೇಜಿನ ಮೇಲೆ ಒಂದು ಕೆಲಸ ಬಾಕಿಯಿತ್ತು. ಬಹಳ ಹಿಂದೆ ಬೇರೆಬೇರೆ ವರ್ಷ ಹಾರಿದ ಒಂದೇ ನಮೂನೆಯ ಎರಡು ರಾಕೆಟ್ಟುಗಳ ಖಾಲಿ ಹಿಂಭಾಗಗಳಿವೆ, ಒಂದೊಂದೂ ಬಸ್ಸಿನಷ್ಟು ಉದ್ದ. ಮೊದಲು ಹಾರಿದ್ದಕ್ಕೆ ದೊಡ್ಡಪ್ಪ, ಆಮೇಲಿನದಕ್ಕೆ ಚಿಕ್ಕಪ್ಪ ಎಂದು ಕಚೇರಿಯಲ್ಲಿ ಕರೆಯುತ್ತೇವೆ. ವರ್ಷಗಟ್ಟಲೆ ಮೇಲಿದ್ದವರು ಇಳಿಯುತ್ತ ಇಳಿಯುತ್ತ ಈಗ ನಿಲ್ದಾಣದ ಎತ್ತರದ ಹತ್ತಿರಕ್ಕೆ ಬಂದಿದ್ದಾರೆ. ನಿನ್ನೆ ಇಬ್ಬರೂ ಒಬ್ಬರ ಪಕ್ಕದಲ್ಲೊಬ್ಬರು ಹಾದುಹೋಗಿದ್ದರು. ರಾಡಾರಿಗೆ ಎರಡು ಚುಕ್ಕಿ ಕಾಣುತ್ತದೆಯೇ ಹೊರತು ಯಾವ ಚುಕ್ಕಿ ಯಾರು ಅಂತ ಅದು ಹೇಳುವುದಿಲ್ಲ. ಅದನ್ನು ನಾವು ನೋಡಿ ಹೆಸರು ಕೊಡಬೇಕು. ಸಿಟ್ಟು ನೆತ್ತಿಗೇರಿತ್ತು. ಚಕಚಕನೆ ಇದು ದೊಡ್ಡಪ್ಪ, ಇದು ಚಿಕ್ಕಪ್ಪ ಎಂದು ಹೆಸರು ಕೊಟ್ಟು, ನನ್ನ ಲೋಟ ಎತ್ತಿಕೊಂಡು ಎದ್ದುಬಂದೆ.

ಅಮ್ಮನಿಗೆ ಹೇಳಲಿಲ್ಲ.

ಸೆಪ್ಟೆಂಬರ್ 8, ಮಂಗಳವಾರ

ನನ್ನನ್ನು ಹಿಂದಿನ ಕೋಣೆಗೆ ಹಾಕಿದ್ದಾರೆ. ಕಿಟಕಿಯಿಂದ ಕಾಣುವುದು ಸೈಕಲ್ ನಿಲ್ಲಿಸುವ ಜಾಗ. ಕೆಲಸ, ನಿಲ್ದಾಣದ ದಾರಿಗೆ ಎಂದೂ ಬಾರದ ಚೂರುಪಾರುಗಳ ಲೆಕ್ಕ ಸರಿ ಮಾಡುವುದು. ಗಾಜಿನ ಗೋಡೆಯ ಆಚೆ ತಡೀರಮ್ಮ ನನ್ನ ಕುರ್ಚಿಯಲ್ಲಿ ಕೂತಿದ್ದಾರೆ. ಕುರ್ಚಿಯ ಎತ್ತರ ಕೂಡ ಬದಲಾಯಿಸಿದ್ದಾರೆ.

ಅದಿರಲಿ. ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದರು! ಮೇಲೆ ನಾಲ್ಕು ಜೀವ, ಇವರಿಗೆ ಹಾಡು. ಹೋಗಿ ಗಾಜು ತಟ್ಟಿದೆ. ಒಂದು ಬೆರಳೆತ್ತಿ ತಡೆಯಲು ಹೇಳಿದರು, ಕಣ್ಣು ತೆರೆಯಲಿಲ್ಲ.

ಮನೆಯಲ್ಲಿ ಇದನ್ನೆಲ್ಲ ಹೇಳಿದರೆ ನನ್ನವಳು ಬಟ್ಟೆ ಮಡಿಸುತ್ತಲೇ, "ರೀ, ನೀವು ನಿಮ್ಮ ತಂಗಿ ಬಗ್ಗೆ ಎರಡು ಮಾತಾಡಿದ್ರೆ ಆ ಮೇಡಂ ಬಗ್ಗೆ ಇಪ್ಪತ್ತು ಮಾತಾಡ್ತೀರಿ," ಅಂದಳು.

ಅಮ್ಮನ ಫೋನ್ ಬಂತು. ಇವತ್ತೇನು ನೋಡಿದೆ ಅಂತ ಕೇಳಿದಳು. "ಎಲ್ಲಾ ಸರಿಯಾಗಿದೆಯಮ್ಮ, ನೋಡ್ತಾನೇ ಇದ್ದೀನಿ," ಅಂದೆ. ನೋಡುತ್ತಿರುವುದು ಸೈಕಲ್‌ಗಳನ್ನು.

ಸೆಪ್ಟೆಂಬರ್ 11, ಶುಕ್ರವಾರ

ತಂಗಿ ಪರದೆಯ ಮೇಲೆ ಬಂದಳು! ಮುಖ ಊದಿಕೊಂಡಿದೆ, ಕೂದಲು ನಾಲ್ಕು ದಿಕ್ಕಿಗೆ ಹಾರುತ್ತಿದೆ, ಒಂದು ಸ್ಪ್ಯಾನರ್ ಅವಳ ಕಿವಿಯ ಪಕ್ಕದಲ್ಲಿ ತೇಲುತ್ತಿತ್ತು. ಮಾತಿನ ಮಧ್ಯೆ ಅದನ್ನು ಬೆರಳಲ್ಲಿ ಮೆಲ್ಲಗೆ ಆಚೆ ತಳ್ಳುತ್ತಾಳೆ. ನಿನ್ನೆ ಆರು ಗಂಟೆ ಕಾಲ ಹೊರಗಡೆ, ಬರೀ ಒಂದು ಹಗ್ಗದ ಭರವಸೆಯಲ್ಲಿ, ಕೊಳವೆಯ ನಟ್ಟು ಬಿಚ್ಚಿದಳಂತೆ. ಕೈಗವಸಿನೊಳಗೆ ಉಗುರು ಕಿತ್ತುಬಂದಿದೆ. ಅದನ್ನು ತೋರಿಸಿ ನಗುತ್ತಾಳೆ. ಇಂಥವಳು ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವಳೇ ಎಂದು ನೋಡುತ್ತ ಕೂತಿದ್ದೆ.

"ಅಣ್ಣ, ಕಿಟಕಿಯಿಂದ ನೋಡಿದ್ರೆ ಒಂದು ಚೂರು ಕಸ ಕೂಡ ಕಾಣಲ್ಲ. ಅಷ್ಟು ಶುಭ್ರ. ನೀನು ಸಂಬಳ ತಗೊಳ್ಳೋಕೆ ಕಥೆ ಕಟ್ಟಿದ್ದೀಯಾ ಹೇಗೆ?"

"ಕಾಣೋವಷ್ಟು ಹತ್ತಿರ ಬಂದ್ರೆ ಹೇಳೋಕೆ ನೀನಿರಲ್ಲ."

ಜೋರಾಗಿ ನಕ್ಕಳು. ಆಮೇಲೆ ದನಿ ತಗ್ಗಿಸಿ, "ಮೇಜು ಬಿಟ್ಟಿದ್ದು ಅಮ್ಮನಿಗೆ ಹೇಳಿದ್ಯಾ?" ಅಂದಳು. ಅವಳಿಗೆ ನಿಯಮ ಗೊತ್ತು. ಹೇಳುತ್ತೇನೆ ಅಂದೆ. ಹೇಳುವುದಿಲ್ಲ ಎಂಬುದೂ ಅವಳಿಗೆ ಗೊತ್ತು.

ಸೆಪ್ಟೆಂಬರ್ 14, ಸೋಮವಾರ

ದೊಡ್ಡಪ್ಪ ಬರುತ್ತಿದ್ದಾನೆ.

ಗುರುವಾರ ಮಧ್ಯಾಹ್ನ ನಿಲ್ದಾಣದ ಎತ್ತರದಲ್ಲೇ, ಅದರ ಪಕ್ಕದಲ್ಲೇ ಹಾದುಹೋಗುತ್ತಾನೆ ಎನ್ನುತ್ತದೆ ಲೆಕ್ಕ. ಕೆಲವು ನೂರು ಮೀಟರ್. ನಮ್ಮ ಕಸುಬಿನಲ್ಲಿ ಅದು ಕೆನ್ನೆ ಸವರಿಕೊಂಡು ಹೋದ ಹಾಗೆ. ಬುಧವಾರ ಸಂಜೆಯೊಳಗೆ ಹೇಳಿದರೆ ನಿಲ್ದಾಣವನ್ನು ಒಂದು ಕಿಲೋಮೀಟರಿಗೂ ಹೆಚ್ಚು ಮೇಲೆತ್ತಬಹುದು. ಅದಾದ ಮೇಲೆ ಹೊತ್ತು ಮೀರುತ್ತದೆ. ನಾನಾಗಿದ್ದರೆ ಅರ್ಧ ನಿಮಿಷದಲ್ಲಿ 'ಎತ್ತಿ' ಅಂದಿರುತ್ತಿದ್ದೆ.

ಗಾಜಿನ ಕೋಣೆಗೆ ನುಗ್ಗಿ "ಎತ್ತೋಕೆ ಹೇಳಿದ್ರಾ?" ಅಂದೆ.

"ತಡೀರಿ," ಅಂದರು ತಡೀರಮ್ಮ.

ಸೆಪ್ಟೆಂಬರ್ 15, ಮಂಗಳವಾರ

ಇವತ್ತು ಕಚೇರಿಯಲ್ಲಿ ನಾನು ಕಿರುಚಿದೆ. ಇಷ್ಟು ವರ್ಷದಲ್ಲಿ ಹಾಗೆ ಮಾಡಿದವನಲ್ಲ. ಆಡಿದ ಮಾತನ್ನು ಹಾಗೆಯೇ ಬರೆದಿಡುತ್ತೇನೆ.

"ಇದರ ನಡಿಗೆ ಸರಿಯಿಲ್ಲ," ಅಂದರು ತಡೀರಮ್ಮ. "ದೊಡ್ಡಪ್ಪ ದಿನಾ ಇಷ್ಟಿಷ್ಟು ಕೆಳಗಿಳೀಬೇಕು. ಒಂದು ವಾರದಿಂದ ಲೆಕ್ಕಕ್ಕಿಂತ ಒಂಚೂರು ಮೇಲೇ ಸಿಗ್ತಿದೆ, ಒಂಚೂರು ತಡವಾಗಿ ಬರ್ತಿದೆ."

"ಸೂರ್ಯ ತಣ್ಣಗಿದ್ದಾನೆ. ಅದಕ್ಕೇ ಮೇಲೆ ಗಾಳಿ ತೆಳ್ಳಗಾಗಿದೆ, ತಡೆ ಕಡಿಮೆ. ಇಳಿಯೋದು ನಿಧಾನ ಆಗಿದೆ, ಅಷ್ಟೆ."

"ಇರಬಹುದು. ಆದ್ರೆ ಗಾಳಿ ತೆಳ್ಳಗಾದ್ರೆ ಎಲ್ಲರಿಗೂ ಆಗಬೇಕಲ್ಲ. ಇದೊಂದೇ ಯಾಕೆ?"

"ಮೇಡಂ, ಮೇಲಿರೋದು ನನ್ನ ತಂಗಿ!"

"ಗೊತ್ತು. ಅದಕ್ಕೇ ನಾಳೆ ಸಂಜೆವರೆಗೂ ತಡೀರಿ ಅಂತಿದ್ದೀನಿ. ಇಷ್ಟು ದಿನ ಅದು ದೂರದಲ್ಲಿ, ಆಕಾಶದ ಅಂಚಿನಲ್ಲೇ ಹೋಗ್ತಿತ್ತು, ಪ್ರತಿಧ್ವನಿ ಸರಿಯಾಗಿ ಸಿಗಲಿಲ್ಲ. ನಾಳೆ ಸಂಜೆ ನಮ್ಮ ನೆತ್ತಿ ಮೇಲೆ ಹೋಗುತ್ತೆ. ಒಂದು ಸಲ ಕೇಳಿಸ್ಕೊಂಡು ಹೇಳ್ತೀನಿ."

ಕೇಳಿಸಿಕೊಂಡು! ಆಗ ನಾನು ಕಿರುಚಿದೆ. ಹಾಡು ಕೇಳಲು ಮನೆಗೆ ಹೋಗಿ ಅಂದೆ. ಇನ್ನೂ ಏನೇನೋ ಅಂದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅವರು ಕುರ್ಚಿ ಬಿಟ್ಟೇಳಲಿಲ್ಲ, ಮುಖ ತಿರುಗಿಸಲೂ ಇಲ್ಲ. ನನ್ನ ಮಾತು ಮುಗಿಯುವವರೆಗೂ ನನ್ನನ್ನೇ ನೋಡುತ್ತಿದ್ದು, ಆಮೇಲೆ ಪರದೆಯ ಕಡೆ ತಿರುಗಿದರು. ಮುಖ್ಯಸ್ಥರ ಹತ್ತಿರ ಹೋದೆ. ಮೇಜು ಆ ಮೇಡಂದು, ತೀರ್ಮಾನವೂ ಅವರದೇ ಅಂದರು.

ಅಮ್ಮನ ಫೋನ್ ಎತ್ತಲಿಲ್ಲ.

ಸೆಪ್ಟೆಂಬರ್ 16, ಬುಧವಾರ

ಇವತ್ತಿನದು ಎಲ್ಲ ಬರೆಯಬೇಕು.

ಸಂಜೆ ಐದರ ಹೊತ್ತಿಗೆ ಗಾಜಿನ ಕೋಣೆಯ ಹೊರಗೆ ನಿಂತಿದ್ದೆ. ಒಳಗೆ ಹೋಗುವ ಮುಖ ನನಗಿರಲಿಲ್ಲ. ಅವರೇ ಬಾಗಿಲು ತೆಗೆದು, "ಬನ್ನಿ. ಒಂದು ಕಿವಿ ನಿಮಗೆ," ಎಂದು ಇಯರ್‌ಫೋನಿನ ಒಂದು ತುದಿ ಕೊಟ್ಟರು. ನಿನ್ನೆಯ ಮಾತಿನ ಸುಳಿವೇ ಅವರ ಮುಖದಲ್ಲಿಲ್ಲ. ಪಕ್ಕದಲ್ಲಿ ಒಂದು ಕುರ್ಚಿ ಎಳೆದುಕೊಂಡು ಕೂತೆ.

ಅದು ಹಾಡಲ್ಲ. ರಾಡಾರ್ ಎಸೆದ ಅಲೆ ಆ ಡಬ್ಬಕ್ಕೆ ಬಡಿದು ವಾಪಸು ಬರುವಾಗ ಒಮ್ಮೆ ಜೋರು, ಒಮ್ಮೆ ಮೆಲ್ಲಗೆ ಇರುತ್ತದೆ, ಡಬ್ಬ ಹೇಗೆ ತಿರುಗುತ್ತಿದೆಯೋ ಹಾಗೆ. ನಾವೆಲ್ಲ ಅದನ್ನು ಗೆರೆಯಾಗಿ ನೋಡಿ ಪಕ್ಕಕ್ಕಿಡುತ್ತೇವೆ. ಅವರು ಅದನ್ನು ಸದ್ದಾಗಿ ಬದಲಾಯಿಸಿಕೊಂಡು ಕೇಳುತ್ತಾರೆ. ಎಷ್ಟೋ ವರ್ಷದಿಂದ ಕೇಳುತ್ತಾ ಬಂದಿದ್ದಾರಂತೆ. ಗೆರೆಯಲ್ಲಿ ಎಲ್ಲವೂ ಒಂದೇ ತರಹ ಕಂಡರೂ ಕಿವಿಗೆ ಒಂದೊಂದೂ ಬೇರೆ ಎಂದರು. ಮೊದಲು, ಹೋದ ವರ್ಷ ಹಿಡಿದಿಟ್ಟಿದ್ದ ದೊಡ್ಡಪ್ಪನ ಸದ್ದು ಕೇಳಿಸಿದರು. ದೊಡ್ಡಪ್ಪ ಪಲ್ಟಿ ಹೊಡೆಯುತ್ತ ಹೋಗುವವನು, ಒಂದು ತುದಿಯಲ್ಲಿ ಎಂಜಿನ್ನಿನ ಭಾರ. ಧಡ್, ಧಕ್. ಧಡ್, ಧಕ್. ನೆಲ ಮುಟ್ಟಲು ಹೆದರುವ ಒಂದು ಕಾಲು, ಅದಕ್ಕೆ ಆಸರೆಯಾದ ಇನ್ನೊಂದು ಕಾಲು. ಮೆಟ್ಟಿಲು ಇಳಿಯುವ ಮುದುಕನನ್ನು ಬಾಗಿಲ ಹಿಂದೆ ನಿಂತು ಕೇಳಿದ ಹಾಗಿತ್ತು.

"ಕುಂಟ್ತಾನೆ," ಅಂದೆ.

"ಹ್ಞೂಂ. ಈಗ ಇದನ್ನ ಕೇಳಿ."

ಅಷ್ಟರಲ್ಲಿ ಅದು ನೆತ್ತಿಯ ಮೇಲೆ ಬಂದಿತ್ತು. ಕಿವಿಯಲ್ಲಿ ಒಂದೇ ಸಮನೆ ಗುಂಯ್ ಎನ್ನುವ ಸದ್ದು, ಏರಿತು, ತುಂಬಿತು, ಇಳಿಯಿತು. ಕುಂಟಿಲ್ಲ, ತೂರಾಟವಿಲ್ಲ. ಮೂತಿ ಮುಂದೆ ಮಾಡಿಕೊಂಡು ನೆಟ್ಟಗೆ ಹೋಗುವವನೊಬ್ಬನ ಸದ್ದು.

ನಾನೇನೂ ದಡ್ಡನಲ್ಲ. ಆ ಕ್ಷಣದಲ್ಲೇ ಗೊತ್ತಾಯಿತು. ಬರುತ್ತಿರುವವನು ದೊಡ್ಡಪ್ಪನಲ್ಲ, ಚಿಕ್ಕಪ್ಪ. ನಾಲ್ಕನೇ ತಾರೀಕು ಸಿಟ್ಟಿನಲ್ಲಿ ಚಕಚಕನೆ ಹೆಸರು ಕೊಟ್ಟವನು ನಾನು. ಪಲ್ಟಿ ಹೊಡೆಯುವ ದೊಡ್ಡಪ್ಪ ಅಲ್ಲಿರುವ ಚೂರು ಗಾಳಿಗೂ ಮೈಯೊಡ್ಡುತ್ತಾನೆ, ಬೇಗ ಇಳಿಯುತ್ತಾನೆ. ಚಿಕ್ಕಪ್ಪ ಅಷ್ಟು ಇಳಿಯುವುದಿಲ್ಲ. ನಮ್ಮ ಯಂತ್ರ, ನಾನು ಕೊಟ್ಟ ಹೆಸರು ನಂಬಿ, ಇವನನ್ನೂ ಬೇಗ ಇಳಿಸಿ ಲೆಕ್ಕ ಹಾಕುತ್ತಿತ್ತು. ಅವರು ಎರಡರ ಹೆಸರೂ ಬದಲಾಯಿಸಿ ಹೊಸ ಲೆಕ್ಕ ತೆಗೆದರು. ನಿಜವಾದ ದೊಡ್ಡಪ್ಪ ನಾಳೆ ಆ ಹೊತ್ತಿಗೆ ಭೂಮಿಯ ಆಚೆ ಬದಿಯಲ್ಲಿರುತ್ತಾನೆ. ಚಿಕ್ಕಪ್ಪ ನಾಳೆ ನಿಲ್ದಾಣದ ಎತ್ತರಕ್ಕೆ ಇಳಿದಿರುವುದಿಲ್ಲ. ಒಂದು ಕಿಲೋಮೀಟರಿಗೂ ಹೆಚ್ಚು ಮೇಲೆ ಹಾದುಹೋಗುತ್ತಾನೆ.

ಅಂದರೆ ನಾನು ಎಲ್ಲಿಗೆ ಎತ್ತಿ ಅನ್ನುತ್ತಿದ್ದೆನೋ, ಸರಿಯಾಗಿ ಅಲ್ಲಿಗೆ.

ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದುಕೊಂಡೆ. ಸೋಮವಾರ ಆ ಮೇಜಿನಲ್ಲಿ ನಾನಿದ್ದಿದ್ದರೆ ಅರ್ಧ ನಿಮಿಷದಲ್ಲಿ, ಎಲ್ಲರೂ ಹೊಗಳುವ ನನ್ನ ಅರ್ಧ ನಿಮಿಷದಲ್ಲಿ, ನನ್ನ ತಂಗಿಯನ್ನು ನನ್ನ ಕೈಯಾರೆ ಅವನ ದಾರಿಗೆ ಎತ್ತಿ ಇಟ್ಟಿರುತ್ತಿದ್ದೆ.

ಅವರು ನಿಲ್ದಾಣದ ಕೇಂದ್ರಕ್ಕೆ ಫೋನ್ ಮಾಡಿ, "ಸರಿಸೋದು ಬೇಡ, ಇದ್ದಲ್ಲೇ ಇರಲಿ. ಆದ್ರೂ ಆ ಹೊತ್ತಿಗೆ ನಾಲ್ವರೂ ವಾಪಸು ಬರೋ ನೌಕೆಯಲ್ಲಿ ಕೂತಿರಲಿ," ಅಂದರು. ದನಿಯಲ್ಲಿ ಒಂದಿಷ್ಟು ಏರಿಳಿತವಿಲ್ಲ. ವರದಿಯಲ್ಲಿ ಬರೆದದ್ದು ಒಂದೇ ಸಾಲು: ಹೆಸರು ಅದಲುಬದಲಾಗಿತ್ತು, ಸರಿಪಡಿಸಲಾಗಿದೆ. ಯಾರು ಅಂತ ಬರೆಯಲಿಲ್ಲ.

"ಮೇಡಂ, ಆ ಹೆಸರು ಕೊಟ್ಟಿದ್ದು..." ಅಂದೆ.

"ಗೊತ್ತು," ಅಂದರು. "ಅವತ್ತು ನಿಮ್ಮನ್ನ ಮೇಜಿನಿಂದ ಎಬ್ಬಿಸಿದ ರೀತಿ ನೋಡಿದ್ರೆ ನಾನೂ ತಪ್ಪು ಮಾಡ್ತಿದ್ದೆ. ಮನೆಗೆ ಹೋಗಿ ಊಟ ಮಾಡಿ."

ಊಟ ಸೇರಲಿಲ್ಲ. ನನ್ನವಳಿಗೆ ಎಲ್ಲ ಹೇಳಿದೆ. ಅವಳು ತಮಾಷೆ ಮಾಡಲಿಲ್ಲ.

ಸೆಪ್ಟೆಂಬರ್ 17, ಗುರುವಾರ

ಹೋಯಿತು. ಮೇಲೆ, ದೂರದಲ್ಲಿ, ಮೇಡಂ ಹೇಳಿದ ಕಡೆಯೇ.

ತಂಗಿಯಿಂದ ಒಂದು ಸಾಲು ಬಂತು: 'ನೌಕೆಯಲ್ಲಿ ನಾಲ್ವರೂ ಮಂಡಿಗೆ ಮಂಡಿ ತಾಗಿಸಿ ಕೂತಿದ್ವಿ, ಒಬ್ಬನಿಗೆ ಬಿಕ್ಕಳಿಕೆ ಹತ್ತಿ ಎಲ್ಲರಿಗೂ ನಗು.' ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಸೆಪ್ಟೆಂಬರ್ 22, ಮಂಗಳವಾರ

ಅಮ್ಮನಿಗೆ ಹೇಳಿಬಿಟ್ಟೆ. ಫೋನಿನಲ್ಲಿ ಬೇಡವೆಂದು ಅವಳ ಮನೆಗೇ ಹೋಗಿದ್ದೆ. ಕಾಯುತ್ತಿರುವುದು ಮೇಡಂ, ನಾನಲ್ಲ, ತಂಗಿ ಹೋದ ಮಾರನೆಯ ದಿನದಿಂದಲೇ ನಾನಲ್ಲ, ನಾನು ಕಾಯುತ್ತಿದ್ದಿದ್ದರೆ ಏನಾಗುತ್ತಿತ್ತು, ಎಲ್ಲ ಹೇಳಿದೆ. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಕೂತಳು. ಬೈಯುತ್ತಾಳೆ ಅಂದುಕೊಂಡೆ.

"ನೀನು ಹುಟ್ಟಿದಾಗ್ಲಿಂದ ಅವಸರದವನು ಕಣೋ," ಅಂದಳು ಕೊನೆಗೆ. "ಅವಳಿಗೆ ನಡೆಯೋದು ಕಲಿಸ್ತೀನಿ ಅಂತ ಕೈ ಹಿಡ್ಕೊಂಡು ಓಡಿಸ್ತಿದ್ದೆ. ಆಯಮ್ಮ ಹೇಗಿದ್ದಾರೆ ನೋಡೋಕೆ?"

"ಹೇಗಿರ್ತಾರೆ, ಎಲ್ಲರ ಹಾಗೆ ಇದ್ದಾರೆ. ಕಣ್ಣು ಮುಚ್ಚಿ ಕೂತಿರ್ತಾರೆ."

"ಕಣ್ಣು ಮುಚ್ಚಿ?"

ಅರ್ಧ ಗಂಟೆ ವಿವರಿಸಿದೆ. ದೊಡ್ಡಪ್ಪನ ಕುಂಟು ನಡಿಗೆಯನ್ನು ಊಟದ ಮೇಜಿನ ಮೇಲೆ ಬೆರಳಲ್ಲಿ ಬಾರಿಸಿ ತೋರಿಸಿದೆ. ಅಮ್ಮ ಇನ್ನೊಂದು ಸಲ ಬಾರಿಸು ಅಂದಳು.

ಸೆಪ್ಟೆಂಬರ್ 29, ಮಂಗಳವಾರ

ಈಗ ದಿನವೂ ಊಟದ ಹೊತ್ತಿನಲ್ಲಿ ಮೇಡಂ ಹತ್ತಿರ ಒಂದಿಷ್ಟು ಸದ್ದು ಕೇಳಿಸಿಕೊಳ್ಳುತ್ತೇನೆ. ಅವರಿಗೆ ನೂರಾರು ಗೊತ್ತು. ಒಂದು ಮುಚ್ಚಳ ಇದೆ, ನಾಣ್ಯ ತಿರುಗಿಸಿಬಿಟ್ಟ ಹಾಗೆ ಕಿರ್ರೆನ್ನುತ್ತದೆ. ಒಂದು ಇಂಧನದ ತೊಟ್ಟಿ ನಿಟ್ಟುಸಿರು ಬಿಟ್ಟ ಹಾಗೆ. ಇನ್ನೊಂದು ಉದ್ದನೆಯ ತುಂಡು ಇದೆ, ಅದರ ಹೆಸರು ಹೇಳುವಾಗ ಮೇಡಂ ಮುಖ ಅರಳುತ್ತದೆ, ಯಾಕೆಂದರೆ ಅದು ಇಷ್ಟು ವರ್ಷದಲ್ಲಿ ಒಮ್ಮೆಯೂ ಲಯ ತಪ್ಪಿಲ್ಲ. ನಾವು ಕಸ ಅನ್ನುತ್ತೇವೆ. ಯಾರೋ ಎಲ್ಲೋ ಹಗಲಿರುಳು ಕೂತು ಬೆಸೆದದ್ದು, ತನ್ನ ಹೊರೆಯನ್ನು ಮೇಲೆ ಮುಟ್ಟಿಸಿ ಖಾಲಿಯಾದದ್ದು, ಇನ್ನೂ ತನ್ನ ಪಾಡಿಗೆ ತಾನು ನಡೆಯುತ್ತಿದೆ. ಅದನ್ನು ಗುರುತು ಹಿಡಿಯುವ ಒಬ್ಬರು ಭೂಮಿಯ ಮೇಲಿದ್ದಾರೆ. ಇದಕ್ಕಿಂತ ದೊಡ್ಡ ವಿದ್ಯೆ ನಾನು ನೋಡಿಲ್ಲ.

ನನಗಿನ್ನೂ ನಾಲ್ಕೈದರ ಗುರುತು ಸಿಗುತ್ತದೆ, ಅಷ್ಟೆ. ಅದರಲ್ಲೂ ಒಂದು ತಪ್ಪುತ್ತದೆ.

ಮುಖ್ಯಸ್ಥರು ಚೂರುಪಾರುಗಳ ಲೆಕ್ಕ ಇವತ್ತೇ ಬೇಕು ಎಂದು ಬಾಗಿಲಲ್ಲಿ ನಿಂತರು. "ತಡೀರಿ, ಇನ್ನೊಂದು ಸಲ ನೋಡಿ ಕೊಡ್ತೀನಿ," ಅಂದೆ. ಅವರು ಯಾಕೋ ನಕ್ಕುಬಿಟ್ಟು ಹೋದರು. ನಗುವಂಥದ್ದೇನಿತ್ತೋ ತಿಳಿಯಲಿಲ್ಲ.

ಅಕ್ಟೋಬರ್ 6, ಮಂಗಳವಾರ

ಮತ್ತೆ ಎಚ್ಚರಿಕೆ ಬಂದಿತ್ತು. ಈ ಸಲ ಹೆಸರು ತಪ್ಪಿಲ್ಲ, ನಿಜವಾದ ದೊಡ್ಡಪ್ಪನೇ. ಕುಂಟುತ್ತ ನೇರ ನಿಲ್ದಾಣದ ದಾರಿಗೇ ಇಳಿಯುತ್ತಿದ್ದ. ಇವತ್ತು ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಹಾದುಹೋಗುವವನಿದ್ದ. ಮೇಡಂ ನಿನ್ನೆಯೇ ಸರಿಸಲು ಹೇಳಿದ್ದರು. ಎಷ್ಟು, ಯಾವ ಕಡೆ ಅಂತ ನಾನು ಕೇಳಲಿಲ್ಲ.

ಮೂರು ಗಂಟೆಗೆ ಗಾಜಿನ ಕೋಣೆಯ ಕಡೆ ನೋಡಿದೆ. ಮೇಜಿನಲ್ಲಿ ಅವರಿದ್ದರು. ನನಗೆ ಅಂಥ ಕೆಲಸವೇನೂ ಇರಲಿಲ್ಲ. ಕೂದಲು ಕಿವಿಯ ಮೇಲೆ ಇಳಿದಿದೆ ಎಂದು ನನ್ನವಳು ಬೆಳಿಗ್ಗೆ ಅಂದಿದ್ದಳು. ಎದುರು ರಸ್ತೆಯ ಕಟಿಂಗ್ ಅಂಗಡಿಗೆ ಹೋದೆ. ಮುಂದೆ ಯಾರೂ ಇರಲಿಲ್ಲ. ಅಂಗಡಿಯವನು ಕುತ್ತಿಗೆಗೆ ಬಟ್ಟೆ ಕಟ್ಟಿ, ತಲೆಗೆ ನೀರು ಚಿಮುಕಿಸಿ, ಕತ್ತರಿ ಆಡಿಸತೊಡಗಿದ. ಹಾಗೇ ಕಣ್ಣು ಹತ್ತಿತು.

ಭುಜ ತಟ್ಟಿ, "ಸಾರ್, ಆಯ್ತು," ಎಂದು ಎಬ್ಬಿಸಿದ. ಗೋಡೆಯ ಗಡಿಯಾರ ನೋಡಿದೆ. ದೊಡ್ಡಪ್ಪ ನನ್ನ ತಂಗಿಯನ್ನು ದಾಟಿ ಹೋಗಿ ಆಗಲೇ ಹತ್ತು ನಿಮಿಷವಾಗಿತ್ತು.